ಡಬ್ಬಿ ಒತ್ತುವ ಮಸರತಕ್ಕ

ಮಸರತಕ್ಕನನ್ನು ನಾನು ಮೊದಲು ನೋಡಿದ್ದು ಚನ್ನಗಿರಿಯ ಗುಜರಿ ಶೆಡ್ಡಿನಲ್ಲಿ, ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ. ಗಂಟೆ ಚೆನ್ನಾಗಿ ನೆನಪಿದೆ. ಕತ್ತಲಗೆರೆಯಿಂದ ಹೊರಟ ಬಸ್ಸು ತಡವಾಗಿತ್ತು. ಕೆಲಸದ ಮೊದಲ ದಿನವೇ ಕಾಲು ಗಂಟೆ ಹೋಯಿತಲ್ಲ ಎಂದು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡಿದ್ದೆ. ಕೈಯಲ್ಲಿ ಬಿ.ಕಾಂ. ಅಂಕಪಟ್ಟಿಗಳ ಪ್ಲಾಸ್ಟಿಕ್ ಫೈಲು ಇತ್ತು. ನಮ್ಮ ಮನೆಯಲ್ಲಿ ಕಾಲೇಜು ಮುಗಿಸಿದವಳು ನಾನೊಬ್ಬಳೇ. ಯಾರೂ ಕೇಳದಿದ್ದರೂ ಆ ಫೈಲನ್ನು ಹೋದಲ್ಲೆಲ್ಲ ಒಯ್ಯುತ್ತಿದ್ದೆ.

ಒಳಗೆ ಕಂಪ್ರೆಸರಿನ ಮೋಟಾರು ಒಂದೇ ಸಮನೆ ಓಡುತ್ತಿತ್ತು. ಗೋಡೆಯ ಪಕ್ಕದಲ್ಲಿ ಖಾಲಿ ಡಬ್ಬಿಗಳ ಗುಡ್ಡೆ: ತಂಪು ಪಾನೀಯದ ತೆಳು ಡಬ್ಬಿಗಳು, ಬಣ್ಣದ ಡಬ್ಬಿಗಳು, ಹದಿನೈದು ಕೇಜಿಯ ಎಣ್ಣೆ ಟಿನ್ನುಗಳು. ನಡುವೆ ಆಳೆತ್ತರದ ಕಬ್ಬಿಣದ ಚೌಕಟ್ಟು. ಅದರ ನೆತ್ತಿಯ ಮೇಲೆ ದಪ್ಪ ಸಿಲಿಂಡರು, ಸಿಲಿಂಡರಿಗೆ ಜೋಡಿಸಿದ ಎರಡು ಬೆರಳು ದಪ್ಪದ ಹಲಗೆ, ಹಲಗೆಯ ಕೆಳಗೆ ಮುಂಭಾಗ ತೆರೆದಿದ್ದ ಪೆಟ್ಟಿಗೆ. ನಾಲ್ಕು ಅಡಿ ದೂರದಲ್ಲಿ ನೆಲದ ಮೇಲೆ ಒಂದು ಪೆಡಲ್. ಅದನ್ನು ತುಳಿದರೆ ಟ್ಯಾಂಕಿನ ಗಾಳಿ ಸಿಲಿಂಡರಿಗೆ ನುಗ್ಗಿ ಹಲಗೆಯನ್ನು ಕೆಳಗೆ ಒತ್ತುತ್ತದೆ. ಕಾಲು ಎತ್ತಿದರೆ ಹಲಗೆ ತಾನಾಗಿ ಮೇಲೇಳುತ್ತದೆ.

ಯಂತ್ರದ ಮುಂದೆ ನಲವತ್ತು ದಾಟಿದ ತೆಳ್ಳನೆಯ ಹೆಂಗಸೊಬ್ಬರು ನಿಂತಿದ್ದರು. ತಲೆಯ ಮೇಲಿನ ದುಪಟ್ಟಾವನ್ನು ಹಿಂದಕ್ಕೆ ಎಳೆದು ಬೆನ್ನ ಮೇಲೆ ಗಂಟು ಹಾಕಿದ್ದರು. ಒಂದು ಡಬ್ಬಿ ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರು. ಮರಳಿನ ಬಕೆಟ್ಟಿನ ಮೇಲೆ ಬೋರಲು ಹಿಡಿದರು. ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದರು. ಆಮೇಲೆ ಪೆಟ್ಟಿಗೆಯಲ್ಲಿಟ್ಟು, ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, "ಬಿಡು" ಎಂದರು. ಪೆಡಲ್ ಹತ್ತಿರ ನಿಂತಿದ್ದ ಇಲಿಯಾಸ್ ತುಳಿದರು. ಟುಸ್ ಎಂದು ಗಾಳಿ ನುಗ್ಗಿ ಹಲಗೆ ಧಡ್ ಎಂದು ಬಿತ್ತು. ನನ್ನ ಫೈಲು ಕೈಜಾರಿ ಅಂಕಪಟ್ಟಿಗಳೆಲ್ಲ ನೆಲದ ಮೇಲೆ ಹರಡಿಕೊಂಡವು.

"ಹೆದರಿದ್ರಾ?" ಎಂದರು ಆ ಹೆಂಗಸು.

"ಇಲ್ಲ."

"ಹೆದರಿದೆ ಅನ್ರಿ. ಹೆದರದೋರು ಬಂದ್ರೆ ನಂಗೆ ಹೆದರಿಕೆ ಆಕೈತೆ."

ಇಲಿಯಾಸ್ ನಕ್ಕರು. "ಮಸರತ್ ಆಪಾ ಇಲಿಗೂ ಹೆದರ್ತಾರೆ, ಹಲ್ಲಿಗೂ ಹೆದರ್ತಾರೆ. ನಂಗೊಬ್ಬನಿಗೆ ಹೆದರಲ್ಲ ನೋಡ್ರಿ."

"ನಿಂಗೆ ನಾನ್ಯಾಕೆ ಹೆದರ್ಲಿ? ನೀನೇ ನಿನ್ ಹೆಂಡ್ತಿಗೆ ಹೆದರಿ ಊಟದ ಡಬ್ಬಿ ಖಾಲಿ ಮಾಡ್ಕೊಂಡು ಹೋಗ್ತೀಯ," ಎಂದು ಮಸರತಕ್ಕ ಬಗ್ಗಿ ನನ್ನ ಕಾಗದಗಳನ್ನು ಆರಿಸಿಕೊಟ್ಟರು. ಕೊಡುವ ಮುಂಚೆ ಕೈಯನ್ನು ಬಟ್ಟೆಗೆ ಎರಡು ಸಲ ಒರೆಸಿಕೊಂಡರು.

ನಾನು ಆ ಶೆಡ್ಡಿಗೆ ಸೂಪರ್‌ವೈಸರ್ ಆಗಿ ಸೇರಿದ್ದೆ. ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಬರುವ ಗಾಡಿಗಳನ್ನು ಇಳಿಸಿಕೊಳ್ಳುವುದು, ಕೆಲಸದವರನ್ನು ನೋಡಿಕೊಳ್ಳುವುದು ನನ್ನ ಪಾಲಿನದು. ನ್ಯಾಮತಿ ಹತ್ತಿರದ ಸೂರಗೊಂಡನಕೊಪ್ಪದ ಜಾತ್ರೆಗೆ ಮಾಲೆ ಹಾಕಿದವರು ಬಂದು ಹೋಗುವ ದಿನಗಳಲ್ಲಿ ನ್ಯಾಮತಿಯ ಗಾಡಿಯೊಂದೇ ದಿನಕ್ಕೆ ಮೂರು ಸಲ ಬರುತ್ತದೆ. ಮಧ್ಯಾಹ್ನ ಊಟಕ್ಕೆ ನಾನೂ ಮಸರತಕ್ಕನೂ ಹಿಂದಿನ ಬೇವಿನ ಮರದ ಕೆಳಗೆ ಕೂರುತ್ತಿದ್ದೆವು. ಅವರ ಕಥೆ ನನಗೆ ಗೊತ್ತಾಗಿದ್ದು ಅಲ್ಲಿ, ತುಂಡು ತುಂಡಾಗಿ.

ಹುಟ್ಟಿದ್ದು ಹೊನ್ನಾಳಿ. ತಂದೆ ಕರೀಮ್ ಸಾಬರು ತಗಡಿನ ಕೆಲಸದವರು; ಹಳೆಯ ಎಣ್ಣೆ ಟಿನ್ನು ಕತ್ತರಿಸಿ ಲಾಳಿಕೆ, ಸೀಮೆಎಣ್ಣೆ ಬುಡ್ಡಿ, ಕಾಳು ಅಳೆಯುವ ಪಾವು ಮಾಡುತ್ತಿದ್ದರು. ಮದುವೆಯಾಗಿ ಹೋಗಿದ್ದು ನ್ಯಾಮತಿಗೆ, ಪಂಚರ್ ಅಂಗಡಿಯ ಜಾವೀದ್ ಅವರ ಮನೆಗೆ. ಏಳು ವರ್ಷದ ಹಿಂದೆ ಜಾವೀದ್ ಒಂದು ಲಾರಿ ಚಕ್ರಕ್ಕೆ ಗಾಳಿ ತುಂಬುತ್ತಿದ್ದಾಗ ಚಕ್ರದ ಕಬ್ಬಿಣದ ರಿಂಗು ಸಿಡಿಯಿತು. ಮಸರತಕ್ಕ ಆಗ ಚಹಾ ತಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದರು. ಗಂಡನ ಬಲಗೈ ಮೊಣಕೈ ಹತ್ತಿರ ಮೂರು ಕಡೆ ಮುರಿಯಿತು. ಕೂಡಿಸಿದರು, ಆದರೆ ಕೈ ಮಡಚಲಿಲ್ಲ. ಬೆರಳುಗಳೂ ಹಿಡಿತ ಕಳೆದುಕೊಂಡವು. ಅಂಗಡಿ ಮುಚ್ಚಿ ಚನ್ನಗಿರಿಗೆ ಬಂದರು. ನಾನು ಸೇರಿದಾಗ ಮಗಳು ಮದೀಹಾ ಪಿಯುಸಿ ಓದುತ್ತಿದ್ದಳು.

"ಬೆಂಕಿ ಆದ್ರೆ ಕಾಣ್ತೈತೆ, ಓಡಬಹುದು," ಎಂದರು ಒಂದು ದಿನ. "ಗಾಳಿ ಕಾಣಾಕಿಲ್ಲ ಹೇಮಾವತಿ. ಸುಮ್ನೆ ಟ್ಯಾಂಕಿನಾಗೆ ಕುಂತಿರ್ತೈತೆ. ದಿನಾ ಬೆಳಿಗ್ಗೆ ಇಲ್ಲಿಗೆ ಹೆದರ್ಕೊಂತಾನೇ ಬರ್ತೀನಿ. ನಮ್ಮನೆಯೋರ ಅಂಗಿ ಗುಂಡಿ ಹಾಕೋದು ನಾನು, ತುತ್ತು ಕಲಸಿ ಕೊಡೋದು ನಾನು. ಮನೆಗೆಲ್ಲ ಇರೋದು ಇದೊಂದು ಬಲಗೈ. ಇದೂ ಹೋದ್ರೆ?"

"ಮತ್ಯಾಕೆ ಈ ಕೆಲಸ ಮಾಡ್ತೀರಿ? ವಿಂಗಡಣೆ ಮೇಜಿಗೆ ಹೋಗಬಹುದಲ್ಲ?"

"ಅಲ್ಲೇ ಇದ್ದೆ. ಇದಕ್ಕೆ ಕೂಲಿ ಜಾಸ್ತಿ. ಅದೂ ಅಲ್ದೆ, ಮಿಶನ್ ಬಂದ ವಾರ ಮೂರು ಮಂದಿ ಇದರ ಮುಂದೆ ನಿಂತ್ರು. ಒಬ್ಬರೂ ತಮ್ ಕೈ ಎಲ್ಲೈತೆ ಅಂತ ನೋಡ್ಕೊಳ್ಳಲಿಲ್ಲ. ಅದನ್ನ ನೋಡಾಕೆ ಆಗಲಿಲ್ಲ ನಂಗೆ."

ಪೆಟ್ಟಿಗೆಗೆ ಮುಂದೆ ಒಂದು ಜಾಲರಿ ಬಾಗಿಲು ಇತ್ತು. ಅದು ಮುಚ್ಚಿದ್ದರೆ ಕೈ ಒಳಗೆ ಹೋಗುವ ಪ್ರಶ್ನೆಯೇ ಇರುತ್ತಿರಲಿಲ್ಲ. ಅದನ್ನು ಬಿಚ್ಚಿ ಮೂಲೆಗೆ ಒರಗಿಸಿದ್ದರು. ನಾನು ಯಜಮಾನರಾದ ವಿರೂಪಾಕ್ಷಪ್ಪನವರನ್ನು ಕೇಳಿದೆ.

"ಒಂದೊಂದು ಡಬ್ಬಿಗೂ ಬಾಗಿಲು ಹಾಕ್ಕೊಂತ ತಕ್ಕೊಂತ ಕುಂತ್ರೆ ಸಂಜೆ ಆಕೈತಮ್ಮ," ಎಂದರು ಅವರು. "ಎರಡು ವರ್ಷದಿಂದ ಏನೂ ಆಗಿಲ್ಲ. ನೀನು ಓದಿದಾಕಿ, ಏನಾದ್ರೂ ನಿಯಮ ಗಿಯಮ ಬರೆದು ಹಾಕು."

ನಾನು ಬರೆದೆ. ಎರಡು ಸಂಜೆ ಕೂತು, ತಪ್ಪಿಲ್ಲದಂತೆ, ದಪ್ಪ ಅಕ್ಷರಗಳಲ್ಲಿ. ಪೆಡಲ್ ಎದುರಿನ ಗೋಡೆಗೆ ಅಂಟಿಸಿದೆ. ಅದರ ಮೊದಲ ಸಾಲು ಹೀಗಿತ್ತು: ಡಬ್ಬಿ ಹಾಕುವವರು ‘ಬಿಡು’ ಎಂದಾಗ ಮಾತ್ರ ಪೆಡಲ್ ತುಳಿಯಬೇಕು. ಮಸರತಕ್ಕ, ಇಲಿಯಾಸ್ ಇಬ್ಬರೂ ಬಳಸುತ್ತಿದ್ದ ಮಾತನ್ನೇ ಬರೆದಿದ್ದೆ. ಇಲಿಯಾಸ್ ತುಳಿಯುತ್ತಿದ್ದುದು ಮಾತು ಕೇಳಿ ಅಲ್ಲ, ಮಸರತಕ್ಕನ ಬಲಗೈ ಬೆನ್ನ ಹಿಂದೆ ಹೋದದ್ದನ್ನು ನೋಡಿ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ನವೆಂಬರಿನಲ್ಲಿ ಇಲಿಯಾಸ್ ಹೊನ್ನಾಳಿಯ ಗ್ಯಾರೇಜೊಂದಕ್ಕೆ ಸೇರಿಕೊಂಡರು. ಅವರ ಜಾಗಕ್ಕೆ ಬಂದವರು ಕೆಂಚೇಶ್. ಜಗಳೂರು ತಾಲ್ಲೂಕಿನ ಬಿಳಿಚೋಡಿನವರು, ಮಸರತಕ್ಕನ ವಾರಿಗೆಯವರೇ. ಮೊದಲು ಕುರಿ ಕಾಯುತ್ತಿದ್ದರು. ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯ. ಗೋಡೆಯ ಮೇಲಿನ ಕಾಗದವನ್ನು ಬೆರಳಿಟ್ಟು ಓದಿ, ತಿರುಗಿ ನನಗೇ ಒಪ್ಪಿಸಿದರು.

ಎರಡನೆಯ ದಿನ ಅವರು ಹೇಳಿದ ಮಾತಿಗೆ ಶೆಡ್ಡೆಲ್ಲ ನಕ್ಕಿತು. "ಮನ್ಯಾಗೆ ಹೆಂಡ್ತಿ ಬೀಡಿ ಬಿಡು, ಬೀಡಿ ಬಿಡು ಅಂತಾಳೆ. ಇಲ್ಲಿ ಅಕ್ಕಾರು ಗಾಳಿ ಬಿಡು, ಗಾಳಿ ಬಿಡು ಅಂತಾರೆ. ನಾ ಯಾವುದು ಬಿಡ್ಲಿ, ಯಾವುದು ಹಿಡೀಲಿ?"

ಮಸರತಕ್ಕನೂ ನಕ್ಕರು. ನಾನೂ ನಕ್ಕೆ. ಒಂದೇ ಮಾತು ಎರಡು ಕಡೆ ಎಳೆಯುತ್ತಿದೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾಲ್ಕನೆಯ ದಿನ, ಗುರುವಾರ, ಹನ್ನೊಂದೂವರೆ. ನಾನು ಹತ್ತು ಹೆಜ್ಜೆ ದೂರದಲ್ಲಿ ಚೀಲಗಳನ್ನು ನೋಡುತ್ತಿದ್ದೆ. ಮಸರತಕ್ಕ ಒಂದು ಎಣ್ಣೆ ಟಿನ್ನನ್ನು ಪೆಟ್ಟಿಗೆಯೊಳಗೆ ನಿಲ್ಲಿಸಿದರು. ಅದರ ಹಿಂದೆ ಏನೋ ಉರುಳಿದ ಸದ್ದಾಯಿತು. ಟಿನ್ನಿನ ಹಿಂಬದಿಯ ಸೀಳಿನೊಳಗೆ ಯಾರೋ ಸೊಳ್ಳೆ ಹೊಡೆಯುವ ಸ್ಪ್ರೇ ಡಬ್ಬಿ ತುರುಕಿದ್ದರು; ಜಿಡ್ಡಿಗೆ ಅಂಟಿಕೊಂಡಿದ್ದರಿಂದ ಅಲ್ಲಾಡಿಸಿದಾಗ ಸದ್ದು ಮಾಡಿರಲಿಲ್ಲ. ಅದು ಜಾರಿ ಟಿನ್ನಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಬಿದ್ದಿತ್ತು. ಗಾಳಿ ತುಂಬಿದ ಡಬ್ಬಿ ಹಲಗೆಯ ಕೆಳಗೆ ಸಿಕ್ಕರೆ ಸಿಡಿಯುತ್ತದೆ. ಅವರು ಕೈ ಒಳಗೆ ಹಾಕಿ, ತಲೆ ತಿರುಗಿಸಿ ಕೆಂಚೇಶ್ ಅವರಿಗೆ ಹೇಳಿದರು: "ತಡೀರಿ, ಇದು ಬ್ಯಾಡ, ಬಿಡು."

ಮೋಟಾರಿನ ಸದ್ದಿನಲ್ಲಿ ಕೆಂಚೇಶ್ ಅವರಿಗೆ ಕೇಳಿಸಿದ್ದು ಕೊನೆಯ ಮಾತು. ತುಳಿದರು.

ಹಲಗೆ ಇಳಿದು ಟಿನ್ನಿನ ತಲೆಗೆ ಕುಳಿತಿತು. ಎಣ್ಣೆ ಟಿನ್ನು ಗಟ್ಟಿ, ಒಂದೇ ಏಟಿಗೆ ಕುಸಿಯುವುದಿಲ್ಲ. ಅದು ನರಳುತ್ತಾ ಪಕ್ಕಕ್ಕೆ ಉಬ್ಬಿತು. ಉಬ್ಬಿದ ತಗಡು ಮಸರತಕ್ಕನ ಕೈಯನ್ನು ಗೋಡೆಗೆ ಒತ್ತಿ ಹಿಡಿಯಿತು.

"ಬಿಡು," ಎಂದು ಅವರು ಕೂಗಿದರು. "ಬಿಡು, ಬಿಡು."

ಕೆಂಚೇಶ್ ಇನ್ನೂ ಬಲವಾಗಿ ತುಳಿದರು. ಅವರ ಮುಖ ನನಗೆ ಕಾಣುತ್ತಿತ್ತು. ಬಿಳಿಚಿಕೊಂಡಿತ್ತು. ಏನೋ ಕೆಟ್ಟದ್ದು ಆಗುತ್ತಿದೆ ಎಂದು ಅವರಿಗೆ ಗೊತ್ತಾಗಿತ್ತು, ಹೇಳಿದ್ದನ್ನು ಇನ್ನೂ ಸರಿಯಾಗಿ ಮಾಡಿದರೆ ಅದು ನಿಲ್ಲುತ್ತದೆ ಎಂದುಕೊಂಡಿದ್ದರು. ನಾನೂ ಕೂಗಿದೆ: "ಬಿಡ್ರೀ, ಕೆಂಚೇಶಣ್ಣ, ಬಿಡ್ರೀ." ವಿಂಗಡಣೆ ಮೇಜಿನ ಹೆಂಗಸರೆಲ್ಲ ಎದ್ದು ನಿಂತು ಅದನ್ನೇ ಕೂಗಿದರು. ಇಡೀ ಶೆಡ್ಡು ಬಿಡು ಬಿಡು ಎನ್ನುತ್ತಿತ್ತು, ಆ ಮನುಷ್ಯ ಎರಡೂ ಕೈಯಲ್ಲಿ ಪಕ್ಕದ ಕಂಬ ಹಿಡಿದುಕೊಂಡು ಮೈಭಾರವನ್ನೆಲ್ಲ ಪೆಡಲ್ ಮೇಲೆ ಹಾಕಿದರು. ಟಿನ್ನಿನ ಎರಡನೆಯ ಮಡಿಕೆಯೂ ಕುಸಿಯಿತು.

ನಾನು ಓಡಿಹೋಗಿ ಮೇನ್ ಸ್ವಿಚ್ ಎಳೆದೆ. ಮೋಟಾರು ನಿಂತಿತು. ಹಲಗೆ ನಿಲ್ಲಲಿಲ್ಲ. ಕರೆಂಟು ಹೋದರೂ ಟ್ಯಾಂಕಿನಲ್ಲಿ ಗಾಳಿ ಇರುತ್ತದೆ. ಮೊದಲ ವಾರವೇ ಮಸರತಕ್ಕ ನನಗೆ ತೋರಿಸಿದ್ದರು. ಅದು ನೆನಪಾಗಿದ್ದು ಸ್ವಿಚ್ ಎಳೆದ ಮೇಲೆ. ಹಲಗೆ ಒಂದೊಂದೇ ಬೆರಳಿನಷ್ಟು ಕೆಳಗೆ ಬರುತ್ತಿತ್ತು.

ಆದರೆ ಸದ್ದು ನಿಂತಿದ್ದರಿಂದ ಎಲ್ಲರೂ ಒಮ್ಮೆ ಸುಮ್ಮನಾದರು. ಮಸರತಕ್ಕನೂ ಕೂಗುವುದನ್ನು ನಿಲ್ಲಿಸಿದರು. ತಲೆ ತಿರುಗಿಸಿ ಕೆಂಚೇಶ್ ಅವರ ಮುಖವನ್ನೇ ನೋಡಿದರು. ಆಮೇಲೆ, ಮನೆಯಲ್ಲಿ ಯಾರಿಗೋ ಕಸ ಗುಡಿಸಲು ಹೇಳುವಂತೆ, ಮೆಲ್ಲಗೆ ಹೇಳಿದರು: "ಕೆಂಚೇಶಣ್ಣ, ಕಾಲು ಎತ್ರಿ."

ಅವರು ಕಾಲು ಎತ್ತಿದರು. ಟುಸ್ ಎಂದಿತು. ಹಲಗೆ ಮೇಲೆ ಹೋಯಿತು.

ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ ದಾವಣಗೆರೆಗೆ ಕಳಿಸಿದರು. ವಿರೂಪಾಕ್ಷಪ್ಪನವರ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ನಾನು ಅವರ ಕೈಯನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿ ಹಿಡಿದಿದ್ದೆ. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ: "ಬೆರಳು ಐದೂ ಅದಾವಾ? ಎಣಿಸು." ಟವೆಲ್ಲು ಬಿಚ್ಚುವ ಧೈರ್ಯ ನನಗಿರಲಿಲ್ಲ. ಅದಾವೆ ಎಂದೆ. ಗೊತ್ತಿಲ್ಲದೆ ಹೇಳಿದೆ. ಯಜಮಾನರು ಮುಂದಿನ ಸೀಟಿನಲ್ಲಿದ್ದರು. ಅವರ ಕತ್ತಿನ ಹಿಂಭಾಗ ಬೆವರಿತ್ತು.

ಆಪರೇಷನ್ ಕೋಣೆಯ ಹೊರಗೆ ಎರಡೂವರೆ ಗಂಟೆ ಕೂತೆವು. ಜಾವೀದ್ ಬಂದರು. ಅಂಗಿಯ ಗುಂಡಿಗಳೆಲ್ಲ ಬಿಚ್ಚಿಕೊಂಡಿದ್ದವು, ಎದೆಯ ಮೇಲೆ ಟವೆಲ್ಲು ಹೊದ್ದುಕೊಂಡಿದ್ದರು. ಮದೀಹಾ ಕಾಲೇಜಿನಲ್ಲಿದ್ದಳು, ಹಾಕಿಕೊಡಲು ಮನೆಯಲ್ಲಿ ಯಾರೂ ಇರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದರು. ಒಮ್ಮೆ ಮಾತ್ರ, ತಮ್ಮ ಮಡಚದ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, "ಇದು ಸಾಲದಾಯ್ತೇನೋ," ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಬೆರಳು ಐದೂ ಉಳಿದವು. ಉಂಗುರದ ಬೆರಳು, ಕಿರುಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಒಳಗೆ ಹೋದಾಗ ಮಸರತಕ್ಕ ಗಂಡನನ್ನು ನೋಡಿ, ನನ್ನ ಕಡೆ ತಿರುಗಿ, "ಮೊದಲು ಅವರ ಗುಂಡಿ ಹಾಕವ್ವ. ಎಲ್ಲರೂ ನೋಡ್ತಾರೆ," ಎಂದರು. ನಾನು ಹಾಕಿದೆ. ಒಂದನ್ನು ತಪ್ಪು ತೂತಿಗೆ ಹಾಕಿದೆ, ಬಿಚ್ಚಿ ಮತ್ತೆ ಹಾಕಿದೆ.

ಮರುದಿನ ಜಾಲರಿ ಬಾಗಿಲನ್ನು ಯಂತ್ರಕ್ಕೆ ಜೋಡಿಸಿದರು. ಬಾಗಿಲು ತೆರೆದಿದ್ದರೆ ಈಗ ಗಾಳಿ ಸಿಲಿಂಡರಿಗೆ ಹೋಗುವುದಿಲ್ಲ. ನಾನು ನನ್ನ ಕಾಗದವನ್ನು ಕಿತ್ತೆ. ಬಾಗಿಲು ಹಾಕಿಸಿ ಎಂದು ಹಟ ಹಿಡಿಯಬೇಕಾದ ಜಾಗದಲ್ಲಿ ನಾನು ಕಾಗದ ಬರೆದು ಸಮಾಧಾನಪಟ್ಟುಕೊಂಡಿದ್ದೆ. ಇದನ್ನು ಮಸರತಕ್ಕನಿಗೆ ಹೇಳಿದಾಗ ಅವರು ಇಲ್ಲ ಎನ್ನಲಿಲ್ಲ.

ಕೆಂಚೇಶ್ ಆ ಗುರುವಾರವೇ ಬಿಳಿಚೋಡಿಗೆ ಹೋದವರು ವಾಪಸ್ಸು ಬರಲಿಲ್ಲ. ನಾನು ಫೋನು ಮಾಡಿದೆ. "ಬಿಡು ಅಂದ್ರು, ಬಿಟ್ಟೆ. ಇನ್ನೂ ಜೋರಾಗಿ ಬಿಡು ಅಂದ್ರು, ಜೋರಾಗಿ ತುಳಿದೆ. ಗ್ವಾಡೆ ಮ್ಯಾಲೂ ಹಂಗೇ ಬರ್ದಿತ್ತಲ್ಲ ಮೇಡಂ," ಎಂದರು.

ಏಳು ವಾರದ ಮೇಲೆ ಮಸರತಕ್ಕ ಶೆಡ್ಡಿಗೆ ಬಂದರು. ಬಾಗಿಲವರೆಗೆ ಬಂದಾಗ ಒಳಗೆ ಟುಸ್ ಎಂದಿತು. ಹಿಂದಕ್ಕೆ ಹೋಗಿ ಬೇವಿನ ಮರದ ಕೆಳಗೆ ಕೂತರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ನಾನು ಹತ್ತಿರ ಹೋಗಿ ಕೂತೆ. ಅವರ ಹಣೆಯ ಮೇಲೆ ಬೆವರು ಇತ್ತು.

"ಮನೆಗೆ ಹೋಗಿ ಅಕ್ಕ. ಬೇರೆ ಕೆಲಸ ನೋಡೋಣ."

"ಆ ಪೆಡಲ್ ಮ್ಯಾಲೆ ಈಗ ಯಾರಿದಾರೆ?"

"ತಿಪ್ಪೇಶಪ್ಪ."

"ಅವನು ಹಾಕೋರ ಕೈ ನೋಡ್ತಾನೋ, ಫೋನ್ ನೋಡ್ತಾನೋ?"

ಅವರು ಎದ್ದು ಒಳಗೆ ಹೋಗಿ ವಿರೂಪಾಕ್ಷಪ್ಪನವರ ಮುಂದೆ ನಿಂತರು. "ಸಾವ್ಕಾರ್ರೆ, ಡಬ್ಬಿ ಹಾಕಾಕೆ ನನ್ ಕೈ ಆಗಲ್ಲ. ಕಾಲು ಸರಿ ಐತೆ. ಪೆಡಲ್ ನಂಗೆ ಕೊಡ್ರಿ. ಕೆಂಚೇಶಣ್ಣನ್ನ ಕರೆಸ್ರಿ, ಡಬ್ಬಿ ಅವರು ಹಾಕ್ಲಿ."

"ಅವನನ್ನಾ? ನಿನ್ ಕೈ ಮುರಿದೋನ್ನ?"

"ಅಷ್ಟು ಹೆದರಿದೋರು ನಿಮಗೆ ಬ್ಯಾರೆ ಎಲ್ಲಿ ಸಿಗ್ತಾರೆ?"

ಕೆಂಚೇಶ್ ಬಂದರು. ಪೆಡಲ್ ಕಡೆ ನೋಡಲೂ ಇಲ್ಲ. ನನ್ ಕಾಲು ನಂಬಬ್ಯಾಡ್ರಿ ಎಂದಷ್ಟೇ ಹೇಳಿದರು. ಮೊದಲ ದಿನ ಅವರು ಪೆಟ್ಟಿಗೆಗೆ ಕೈ ಹಾಕಿದಾಗ ಮಸರತಕ್ಕ ಪೆಡಲಿನಿಂದ ಒಂದು ಗಜ ದೂರ ಹೋಗಿ ನಿಂತುಬಿಟ್ಟರು. ಅಂದು ಸಂಜೆಯವರೆಗೆ ಒತ್ತಿದ್ದು ಕಾಲು ಚೀಲ. ಯಜಮಾನರು ಬಂದು ಚೀಲ ನೋಡಿ, ಜಾಲರಿ ಬಾಗಿಲನ್ನು ಒಮ್ಮೆ ಎಳೆದು ನೋಡಿ ಹೋದರು.

ಈಗ ಮಸರತಕ್ಕ ಚನ್ನಗಿರಿಯ ಆ ಶೆಡ್ಡಿನಲ್ಲಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ, ವಾರಕ್ಕೆ ಆರು ದಿನ, ಕೆಂಚೇಶ್ ಅವರ ಕೈ ಬೆನ್ನ ಹಿಂದೆ ಹೋದದ್ದನ್ನು ನೋಡಿ ಪೆಡಲ್ ತುಳಿಯುತ್ತಾರೆ.