ಬುದ್ಧನ ಪುಸ್ತಕ ಓದಿದ ಹತ್ತು ದಿನ

ಹತ್ತು ದಿನದ ಧ್ಯಾನ ಶಿಬಿರಕ್ಕೆ ಹೊರಟ ದಿನ ನಮ್ಮ ಯಜಮಾನರು ಕೊರಳಿನ ಲಿಂಗ ಬಿಚ್ಚಿ ನನ್ನ ಕೈಗಿಟ್ಟರು.

"ಅಲ್ಲಿ ಪೂಜಿ ಮಾಡಂಗಿಲ್ಲಂತ. ನಾ ಬರೂತನಕ ನೀನ ಇಟಗೊ."

ನಿವೃತ್ತರಾದ ಸಾಲಿ ಮಾಸ್ತರು ಅವರು. ಹಿಂದೆ ಆಪರೇಷನ್ ಆದಾಗಲೂ ಲಿಂಗ ತೆಗೆದಿರಲಿಲ್ಲ, ಡಾಕ್ಟರ ಜೋಡಿ ವಾದ ಮಾಡಿ ಮುಂಗೈಗೆ ಕಟ್ಟಿಸಿಕೊಂಡಿದ್ದರು. ಅಂಥವರು ಬಿಚ್ಚಿ ಕೊಟ್ಟು ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಒಬ್ಬರ ಲಿಂಗ ಇನ್ನೊಬ್ಬರು ಕಟ್ಟಿಕೊಳ್ಳಬಾರದು ಅಂತ ನನಗೆ ಗೊತ್ತು. ಆದರೂ ದೇವರ ಜಗಲಿ ಮೇಲೆ ಒಂಟಿಯಾಗಿ ಇಡಲು ಮನಸ್ಸು ಬರಲಿಲ್ಲ. ನನ್ನದರ ಜೋಡಿ ಅದನ್ನೂ ಕೊರಳಿಗೆ ಹಾಕಿಕೊಂಡೆ. ತಪ್ಪೇ ಮಾಡಿದೆ.

ಶಿಬಿರದಲ್ಲಿ ಮಾತಿಲ್ಲ, ಫೋನಿಲ್ಲ. ಮೂರನೇ ದಿನ ಹಾಸಿಗೆ ಝಾಡಿಸುವಾಗ ಅವರ ದಿಂಬಿನ ಕೆಳಗೆ ಬುದ್ಧ ಧರ್ಮದ ಪರಿಚಯ ಮಾಡಿಕೊಡುವ ಸಣ್ಣ ಪುಸ್ತಕ ಸಿಕ್ಕಿತು. ಮೊದಲಿಗೇ ಇತ್ತು: ಆ ರಾಜಕುಮಾರ ಮಲಗಿದ್ದ ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಹೊರಟ. ಇವರೂ ಹಂಗೇ ಹೋಗುವವರೇನು?

ಮುಂದೆ ಓದಿದೆ. ಬದುಕಿನಲ್ಲಿ ದುಃಖ ಇದೆ. ಅದರ ಬೇರು ಆಸೆ. ಆಸೆ ಅಳಿದರೆ ದುಃಖ ಅಳಿಯುತ್ತದೆ. ಅದಕ್ಕೊಂದು ಎಂಟು ಅಂಗದ ದಾರಿ: ಸರಿಯಾದ ನೋಟ, ಸರಿಯಾದ ಮಾತು, ಸರಿಯಾದ ದುಡಿಮೆ, ಹಿಂಗೆ. ಇದರಲ್ಲಿ ಕೆಟ್ಟದ್ದೇನಿದೆ? ಕಾಯಕದ ಮಾತು ನಮ್ಮ ಶರಣರೂ ಹೇಳಿದ್ದಾರೆ. ಆದರೆ ಬಿಡಬೇಕಾದ ಆಸೆಯೊಳಗೆ ಹೆಂಡತಿಯೂ ಬರುತ್ತಾಳೋ ಏನೋ, ಅದನ್ನು ಬರೆದಿರಲಿಲ್ಲ.

ಸವದತ್ತಿಯಲ್ಲಿರುವ ನಮ್ಮ ಮೈದುನನ ಹೆಂಡತಿಗೆ ಫೋನ್ ಹಚ್ಚಿ ನನ್ನ ಅಂಜಿಕೆ ಹೇಳಿದೆ.

"ಯಕ್ಕಾ, ಭಾವಾರು ಸನ್ಯಾಸಿ ಆದ್ರ ಆಗವಲ್ಲರ್ಯಾಕ. ನಿನಗ ದಿನಾ ರೊಟ್ಟಿ ಬಡಿಯೂದರ ತಪ್ಪತೈತಿ."

ಅವಳು ನಕ್ಕಳು, ನಾನೂ ನಕ್ಕೆ. ಅಷ್ಟರಲ್ಲಿ ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ಒಂದೇ ಸುಟ್ಟಿತು, ಶಿವನ ದಯೆ.

ಹನ್ನೊಂದನೇ ದಿನ ಬಂದರು. ಸೊರಗಿದ್ದರು, ಆದರೆ ಹೋಗುವಾಗ ಇದ್ದ ಕೆಮ್ಮು ಇರಲಿಲ್ಲ, ಅದೂ ದಯೆಯೇ. ಜಳಕ ಮಾಡಿ ಲಿಂಗ ಕೇಳಿದರು.

"ಇದೇನ ಎರಡೆರಡು ಕಟಗೊಂಡಿ?"

ಅವರದನ್ನು ಬಿಚ್ಚಿ ಕೈಗಿಟ್ಟೆ. ಅವರು ಕಟ್ಟಿಕೊಂಡು ಕುಂತರು. ಆದರೆ ಎಂದಿನ ಪೂಜೆಯಂತೆ ಲಿಂಗ ಅಂಗೈಯಲ್ಲಿಟ್ಟು ನೋಡುವುದು ಬಿಟ್ಟು, ಕಣ್ಣು ಮುಚ್ಚಿ ಉಸಿರು ಎಣಿಸುವವರಂತೆ ಕುಂತೇ ಇದ್ದರು. ಎದ್ದ ಕೂಡಲೇ ಕೇಳಿಬಿಟ್ಟೆ.

"ಬುದ್ಧ ಹೇಣ್ತಿನ್ನ ಬಿಟ್ಟು ಹ್ವಾದಂಗ ನೀವೂ ಹೊಕ್ಕೀರೇನ್ರಿ?"

ಅವರು ನಗಲಿಲ್ಲ. "ಪುಸ್ತಕ ಪೂರಾ ಓದೀಯೇನ?"

"ಅರ್ಧಾ ಓದೇನ್ರಿ. ಮುಂದ ಧೈರ್ಯ ಆಗ್ಲಿಲ್ಲ."

"ಎಲ್ಲಾರೂ ಮನಿ ಬಿಡ್ರಿ ಅಂತ ಅಂವ ಹೇಳಿಲ್ಲ. ಮನ್ಯಾಗ ಇರಾವ್ರಿಗೆ ಐದು ನೇಮ ಹೇಳ್ಯಾನ. ಜೀವ ತಗೀಬಾರ್ದು, ಕದೀಬಾರ್ದು, ಪರರ ಸಂಸಾರ ಕೆಡಸಬಾರ್ದು, ಸುಳ್ಳ ಹೇಳಬಾರ್ದು, ಕುಡೀಬಾರ್ದು."

"ಹಂಗಾರ ನೀವು ಹೋಗಂಗಿಲ್ಲ?"

"ಇವತ್ತ ಹೋಗಬೇಕ ಅನ್ನಿಸಿಲ್ಲ. ಮುಂದಿಂದು ಹೇಳಿದ್ರ ಸುಳ್ಳಾಕೈತಿ."

ನನ್ನ ಸಮಾಧಾನಕ್ಕೆ ಒಂದು ಮಾತು ಅಂದುಬಿಡಬಹುದಿತ್ತು. ಅನ್ನಲಿಲ್ಲ. ಇವತ್ತಿನದನ್ನಾದರೂ ಖರೆ ಹೇಳಿದರು ಅಂತ ಶಿವನಿಗೆ ಕೈ ಮುಗಿದೆ. ಈಗ ದಿನಾ ಮುಂಜಾನೆ ಅವರು ಗೋಡೆಗೆ ಮುಖ ಮಾಡಿ ಕೂಡುತ್ತಾರೆ. ನಾನು ಹಿಂದೆ ಕುಂತು ಪುಸ್ತಕದ ಉಳಿದರ್ಧ ಓದುತ್ತೇನೆ. ಆ ರಾಜಕುಮಾರನ ಹೆಂಡತಿ ಮುಂದೆ ಏನು ಮಾಡಿದಳು ಅನ್ನುವ ಪುಟ ಇನ್ನೂ ಬಂದಿಲ್ಲ.