ಯಲ್ಲಪ್ಪ ಕುಡಿದ ನೀರು

ಗುರೆಳ್ಳು ಹುರಿಯುವ ವಾಸನೆ ಎಲ್ಲಿಂದ ಬಂದರೂ ನನಗೆ ಮೊದಲು ನೆನಪಾಗುವುದು ಊಟವಲ್ಲ, ದ್ಯಾಮವ್ವನ ಮನೆ. ಗುಡಗೇರಿ ಸ್ಟೇಷನ್ನಿನಿಂದ ಎರಡು ಹರದಾರಿ ನಡೆದರೆ ನಮ್ಮೂರು. ಸುತ್ತ ಎರೆಹೊಲ, ನಡುವೆ ಒಂದಿಷ್ಟು ಮಣ್ಣಿನ ಮನೆಗಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಅವಳ ಮಗ ಯಲ್ಲಪ್ಪ ಮತ್ತು ನನ್ನ ಅಪ್ಪನ ತಮ್ಮ ಶಿವಪ್ಪ ಕಾಕಾ ಒಂದೇ ದಿನ ಮಿಲಿಟರಿ ಸೇರಿದವರು. ರಜೆ ಮುಗಿದು ಅವರು ಹೊರಡುವ ಮುಂಜಾನೆ ದ್ಯಾಮವ್ವ ಗುರೆಳ್ಳು ಹುರಿದು, ಬೆಳ್ಳುಳ್ಳಿ ಹಾಕಿ ಕುಟ್ಟಿ, ಎರಡು ಡಬ್ಬಿ ಚಟ್ನಿಪುಡಿ ತುಂಬುತ್ತಿದ್ದಳು. ಒಂದು ಮಗನಿಗೆ, ಇನ್ನೊಂದು ಕಾಕಾನಿಗೆ. "ಇಬ್ರೂ ಕೂಡಿ ತಿನ್ರಿ, ಇಬ್ರೂ ಕೂಡಿ ಬರ್ರಿ" ಅನ್ನುತ್ತಿದ್ದಳು. ಯಲ್ಲಪ್ಪ ನಗುತ್ತಲೇ ಇರುವ ಮನುಷ್ಯ. ಬಂಡಿ ಊರ ಅಗಸೆಬಾಗಿಲು ದಾಟಿದ ಮೇಲೂ ಅವನ ನಗು ಕೇಳುತ್ತಿತ್ತು.

ಯುದ್ಧ ಶುರುವಾದಾಗ ನಮ್ಮೂರಿನಲ್ಲಿದ್ದದ್ದು ಒಂದೇ ರೇಡಿಯೋ, ಶಾಲೆಯದು. ಮೆಣಸಿನಕಾಯಿ ಬಿಡಿಸುವ ಕಾಲ. ಸಂಜೆ ಹೊಲದಿಂದ ಬಂದ ಹೆಂಗಸರು ಮನೆಗೆ ಹೋಗುವ ಮುಂಚೆ, ಉರಿಯುವ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಶಾಲೆಯ ಮುಂದೆ ನಿಲ್ಲುತ್ತಿದ್ದರು. ರೇಡಿಯೋ ಹೇಳುವ ಊರುಗಳ ಹೆಸರು ಯಾರೂ ಕೇಳಿದವಲ್ಲ. "ಮಾಸ್ತರ, ನಮ್ಮ ಹುಡುಗರು ಇರೂ ಕಡೆ ಅಲ್ಲ ಹೌದಲ್ರಿ?" ಎಂದು ದ್ಯಾಮವ್ವ ದಿನಾ ಕೇಳುತ್ತಿದ್ದಳು. ಮಾಸ್ತರರು ದಿನಾ "ಅಲ್ಲ ಬಿಡವಾ" ಅನ್ನುತ್ತಿದ್ದರು. ಯುದ್ಧ ಗೆದ್ದ ದಿನ ಶಾಲೆಯಲ್ಲಿ ನಮ್ಮೆಲ್ಲರ ಕೈಗೆ ಒಂದೊಂದು ಹಿಡಿ ಸಕ್ಕರೆ ಹಾಕಿದರು. ಯಲ್ಲಪ್ಪ ಹೋದನೆಂಬ ತಂತಿ ಬಂದದ್ದು ಅದಾಗಿ ನಾಲ್ಕು ದಿನಕ್ಕೆ. ಅವನ ದೇಹ ಬರಲಿಲ್ಲ. ಅವನ ಪೆಟ್ಟಿಗೆಯೊಂದು ಬಂತು. ದ್ಯಾಮವ್ವ ಅದರ ಬೀಗ ತೆಗೆಯಲೂ ಇಲ್ಲ, ತಿಂಗಳುಗಟ್ಟಲೆ ತಲೆ ಬಾಚಿಕೊಳ್ಳಲೂ ಇಲ್ಲ. ಒಂದು ರೊಟ್ಟಿ ತಿನ್ನಿಸಲು ನನ್ನ ಅವ್ವ ಗೋಡೆಯಾಚೆ ಹೋಗಿ ಗಂಟೆಗಟ್ಟಲೆ ಕೂಡಬೇಕಾಗುತ್ತಿತ್ತು.

ಬೇಸಿಗೆಗೆ ಕಾಕಾ ರಜೆಯ ಮೇಲೆ ಬಂದ. ಬೂಟು ಬಿಚ್ಚುವ ಮುಂಚೆಯೇ ದ್ಯಾಮವ್ವ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು.

"ನೀ ಅವನ ಬಾಜೂಕ ಇದ್ದೇನಪಾ ಶಿವೂ?"

ಕಾಕಾ ಬೂಟಿನ ಲೇಸು ಕೈಬಿಟ್ಟು ಅವಳ ಮುಖ ನೋಡಿದ. "ಇದ್ನಿ ಯವ್ವಾ. ನನ್ನ ತೊಡಿ ಮ್ಯಾಲೆ ತಲಿ ಇಟ್ಟಿದ್ದ. ನೀರು ಬೇಡಿದ, ಕುಡಿಸಿದ್ನಿ. ನಿನ್ನ ಹೆಸರು ತಗೊಂಡ."

"ನೀರು ತಣ್ಣಗ ಇತ್ತೇನು?"

"ಅಗದಿ ತಣ್ಣಗಿತ್ತು ಯವ್ವಾ."

ಮರುದಿನ ಮಧ್ಯಾಹ್ನವೂ ಅವಳು ಬಂದಳು, ಅದರ ಮರುದಿನವೂ. ಅದೇ ಪ್ರಶ್ನೆ, ಅದೇ ಉತ್ತರ. ಹತ್ತು ವರ್ಷದ ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ದ್ಯಾಮವ್ವ ತಲೆ ಬಾಚಿಕೊಂಡು ಬರತೊಡಗಿದಳು. ಆಮೇಲೆ ಹೊಲಕ್ಕೂ ಹೋದಳು.

ಒಂದು ದಿನ ಹಿತ್ತಲಲ್ಲಿ ಕಾಕಾ ಅವ್ವನ ಮುಂದೆ ಕೂತು ಅಳುತ್ತಿದ್ದ. ನಾನು ಬಾಗಿಲ ಹಿಂದೆ ನಿಂತಿದ್ದೆ. "ನಾ ಅಲ್ಲಿ ಇದ್ದಿಲ್ಲರಿ ವೈನಿ. ಜ್ವರ ಬಂದು ದವಾಖಾನ್ಯಾಗ ಬಿದ್ದಿದ್ನಿ. ಅವ ಹೋಗಿದ್ದು ನನಗ ಎಂಟ್ ದಿನಾ ಆದಮ್ಯಾಲೆ ಗೊತ್ತಾತು." ಅವ್ವ ಅವನ ಬೆನ್ನು ಸವರುತ್ತ, "ಯಾರ ಮುಂದೂ ಅನಬ್ಯಾಡ" ಅಂದಳು.

ಯಲ್ಲಪ್ಪನ ತಂಗಿ ಶಾಂತಾ ನನ್ನ ಓರಗೆಯವಳು. ಆ ಸಲ ಕಾಕಾ ಕೆಂಪು ರಿಬ್ಬನ್ ತಂದದ್ದು ಅವಳಿಗೆ, ನನಗಲ್ಲ. ಬಳೆಚೂರಿನ ಆಟದಲ್ಲಿ ಜಗಳ ಬಂದಾಗ ಅವಳು ಜಡೆ ಮುಂದಕ್ಕೆ ಹಾಕಿಕೊಂಡು, "ನಿಮ್ಮ ಕಾಕಾ ಈಗ ನನ್ನ ಅಣ್ಣಾ. ನಮ್ಮ ಅಣ್ಣಗ ನೀರು ಕುಡಿಸ್ಯಾನ, ಅವ್ವ ಹೇಳ್ಯಾಳ" ಅಂದಳು. ನಾನು ಕೈಯಲ್ಲಿದ್ದ ಬಳೆಚೂರು ಎಸೆದೆ.

"ಏನ್ ಕುಡಿಸ್ಯಾನ? ನಮ್ಮ ಕಾಕಾ ಅಲ್ಲಿ ಇರಲೇ ಇಲ್ಲ."

ಶಾಂತಾ ಬಳೆಚೂರು ಅಲ್ಲೇ ಬಿಟ್ಟು ಮನೆಗೆ ಓಡಿದಳು.

ಮರುದಿನ ಮಧ್ಯಾಹ್ನ ದ್ಯಾಮವ್ವ ಬರಲಿಲ್ಲ. ಕಾಕಾ ಕಟ್ಟೆಯ ಮೇಲೆ ಕಾದ. ಬಿಸಿಲು ಇಳಿದ ಮೇಲೆ ತಾನೇ ಎದ್ದು ಅವಳ ಬಾಗಿಲಿಗೆ ಹೋದ. ನಾನೂ ಅವನ ಹಿಂದೆ ಹೋದೆ. ದ್ಯಾಮವ್ವ ಹೊಸ್ತಿಲ ಒಳಗೆ ನಿಂತು, "ಖರೇ ಹೇಳಪಾ" ಅಂದಳು. ಕಾಕಾ ತಲೆ ತಗ್ಗಿಸಿ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. ಯಾರಿಗೂ ಅಲ್ಲದ ಹಾಗೆ, "ಹಂಗಾದ್ರ ಅವಗ ನೀರು ಯಾರೂ ಕೊಡಲಿಲ್ಲ" ಅಂದು ಬಾಗಿಲು ಮುಂದೆ ಮಾಡಿಕೊಂಡಳು.

ರಜೆ ಇನ್ನೂ ಇರುವಾಗಲೇ ಕಾಕಾ ಹೊರಟ. ಅಂದು ಗೋಡೆಯಾಚೆ ಒರಳಿನ ಸದ್ದಿರಲಿಲ್ಲ. ಯಾರು ಹೇಳಿದರೆಂದು ಅವನು ನನ್ನನ್ನು ಕೇಳಲಿಲ್ಲ, ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು. ಮಿಲಿಟರಿ ಬಿಟ್ಟ ಮೇಲೂ ಅವನು ಊರಿಗೆ ಬಂದು ನೆಲೆಸಲಿಲ್ಲ. ದೂರದ ಊರಿನ ಯಾವುದೋ ಗಿರಣಿಯಲ್ಲಿ ಕಾವಲುಗಾರನಾಗಿ ಅಲ್ಲೇ ತೀರಿಕೊಂಡ. ಶಾಂತಾ ಮತ್ತೆಂದೂ ನನ್ನ ಜೊತೆ ಆಡಲಿಲ್ಲ.

ಮದುವೆಯಾಗಿ, ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ ದ್ಯಾಮವ್ವ ನನ್ನ ಮಗನನ್ನು ನೋಡಲು ಬಂದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅವಳು ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. "ಚಿಗವ್ವಾ, ಅವತ್ತು ಶಾಂತಾಗ ಹೇಳಿದಾಕಿ ನಾನಽ. ತಪ್ಪಾತು" ಅಂದೆ.

"ಗೊತ್ತೈತಿ" ಅಂದಳು ಅವಳು, ಕೂಸಿನ ಮುಖದಿಂದ ಕಣ್ಣೆತ್ತದೆ. "ಖರೇ ಹೇಳಿದಾಕಿಗೆ ಏನಂತ ಬೈಲಿ? ಆದ್ರ ಒಂದ್ ವರ್ಷ ತಡದು ಹೇಳಿದ್ರ ಆಗ್ತಿತ್ತು ನೋಡವಾ. ಒಂದ ವರ್ಷ."

ಈಗ ಅವಳೂ ಇಲ್ಲ, ಅವ್ವನೂ ಇಲ್ಲ. ಎರಡು ಮನೆಗಳೂ ಬಿದ್ದು, ನಡುವಿನ ಗೋಡೆಯ ಮಣ್ಣು ಯಾವ ಮನೆಯದೆಂದು ಹೇಳಲಾಗದಂತೆ ಬೆರೆತುಹೋಗಿದೆ. ಹೋದ ವರ್ಷ ಊರ ಶಾಲೆಯವರು ಗೋಡೆಯ ಮೇಲೆ ಯಲ್ಲಪ್ಪನ ಹೆಸರು ಬರೆಸಿ, ಅವನನ್ನು ಕಂಡವಳೆಂದು ನನ್ನನ್ನು ಕರೆಸಿದ್ದರು. ಅವನ ನಗುವಿನ ಬಗ್ಗೆ ಹೇಳಿದೆ. ಗುಡಗೇರಿಯಲ್ಲಿ ಗೂಡ್ಸ್ ಗಾಡಿಯ ಜೊತೆ ಪಂಥ ಕಟ್ಟಿ ಓಡಿ, ಸೋತು, ಕಪ್ಪು ಮಣ್ಣಿನಲ್ಲಿ ಬಿದ್ದು ಬಂದದ್ದನ್ನು ಹೇಳಿದೆ. ಮಕ್ಕಳು ನಕ್ಕರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅವರು ಹೆಂಗ ಸತ್ರು ರೀ ಅಜ್ಜಿ?"

"ಗೊತ್ತಿಲ್ಲವಾ" ಅಂದೆ. "ನಮ್ಮೂರಾಗ ಯಾರಿಗೂ ಗೊತ್ತಿಲ್ಲ."

ಹುಡುಗಿ ಕೂತಳು. ಮಾಸ್ತರರು ಚಪ್ಪಾಳೆ ಹೊಡೆಯಲು ಹೇಳಿದರು. ಮಕ್ಕಳು ಹೊಡೆದರು.