ಆ ದಿನ ಅವನು ಏನು ಉಂಡ

ಭೂಕಂಪ ಆದ ಮೇಲಿನ ವಾರಗಳಲ್ಲಿ ನೆಲಕ್ಕೆ ಇನ್ನೂ ಸಮಾಧಾನವಾಗಿರಲಿಲ್ಲ. ಕಾವಾಸಾಕಿಯ ಆ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಒಲೆಯ ಮೇಲೆ ಸಾರಿಟ್ಟರೆ ಅದು ಕುದಿಯುತ್ತಿದೆಯೋ ಮನೆಯೇ ಅಲುಗುತ್ತಿದೆಯೋ ತಿಳಿಯುತ್ತಿರಲಿಲ್ಲ. ಭೂಕಂಪದ ಎಚ್ಚರಿಕೆಗೆ ಫೋನು ಕಿರುಚಿಕೊಂಡ ಕೂಡಲೇ ನಾನು ಮಗಳನ್ನು ಸೊಂಟಕ್ಕೇರಿಸಿ, ಪಾಸ್‌ಪೋರ್ಟ್ ಇದ್ದ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಕಾರಿಡಾರಿಗೆ ಓಡುತ್ತಿದ್ದೆ. ಗಂಡ ಆಫೀಸಿನಿಂದ ಗಾಬರಿಯಾಗಬೇಡ ಎಂದು ಮೆಸೇಜ್ ಕಳಿಸುತ್ತಿದ್ದರು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪಕ್ಕದ ಮನೆಯ ಅಜ್ಜಿಯೂ ಆಗ ಹೊರಗೆ ಬರುತ್ತಿದ್ದರು. ನಾವು ಅವರನ್ನು ಒಬಾಸಾನ್ ಎಂದೇ ಕರೆಯುತ್ತಿದ್ದೆವು, ಜಪಾನಿಯಲ್ಲಿ ಅಜ್ಜಿ ಎಂದರೆ ಅದೇ. ಒಂಟಿ ಜೀವ. ತಲೆಗೆ ಹೆಲ್ಮೆಟ್ ಇರುತ್ತಿತ್ತು, ಸರಿ. ಕೈಯಲ್ಲಿ ಮಾತ್ರ ಪರ್ಸು, ಟಾರ್ಚು, ನೀರಿನ ಬಾಟಲಿ ಏನೂ ಇಲ್ಲ. ಒಂದು ಪುಟ್ಟ ಟ್ರೇ, ಅದರಲ್ಲಿ ಮುಚ್ಚಳ ಮುಚ್ಚಿದ ಅನ್ನದ ಬಟ್ಟಲು. ಅಲುಗಾಟ ನಿಂತ ಮೇಲೆ ಅವರು ಮುಚ್ಚಳ ತೆಗೆದು ಒಳಗೆ ನೋಡಿ, ಪರವಾಗಿಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಒಳಗೆ ಹೋಗುತ್ತಿದ್ದರು. ಪಾಪ, ವಯಸ್ಸಾಯಿತು, ತಲೆ ಸರಿ ಇದ್ದಂತಿಲ್ಲ ಎಂದುಕೊಂಡೆ.

ತಲೆ ನನಗಿಂತ ಸರಿಯಾಗಿಯೇ ಇತ್ತು. ಮುಂದೆ ಪರಿಚಯ ಬೆಳೆದು, ನಾನು ಉಪ್ಪಿಟ್ಟು ಮಾಡಿದ ದಿನ ಒಂದು ಡಬ್ಬಿ ಅಲ್ಲಿಗೆ, ಅವರು ಮೂಲಂಗಿ ಬೇಯಿಸಿದ ದಿನ ಒಂದು ಬಟ್ಟಲು ಇಲ್ಲಿಗೆ ಬರತೊಡಗಿದ ಮೇಲೆ ನಾನು ಅವರ ಮನೆಯೊಳಗೆ ಹೋದೆ. ಗೋಡೆಯ ಪಕ್ಕ ಒಂದು ತಗ್ಗು ಮೇಜು. ಅದರ ಮೇಲೆ ಸೈನಿಕನ ಟೋಪಿ ಹಾಕಿದ ಹುಡುಗನ ಫೋಟೋ, ಅದರೆದುರು ಆ ಟ್ರೇ: ಅನ್ನ, ಮಿಸೋ ಸಾರು, ಒಂದು ಚೂರು ಉಪ್ಪಿನಕಾಯಿ, ಊಟದ ಕಡ್ಡಿಗಳು. ನಮ್ಮ ಕಡೆ ಇದನ್ನು ನೋಡಿದವರು ಬೇರೇನು ತಿಳಿಯಲು ಸಾಧ್ಯ? ಹಿರಿಯರಿಗೆ ಎಡೆ ಇಟ್ಟಿದ್ದಾರೆಂದು ಕೈ ಮುಗಿದೆ.

ಅಜ್ಜಿ ಮೆತ್ತಗೆ ನನ್ನ ಕೈ ಹಿಡಿದು ಕೆಳಗಿಳಿಸಿದರು. ಸತ್ತವರ ಪೀಠ ಬೇರೆ ಕೋಣೆಯಲ್ಲಿದೆ, ಅಲ್ಲಿ ಅಪ್ಪ ಅಮ್ಮ ಇದ್ದಾರೆ; ಇದು ಅಣ್ಣನದು, ಅಣ್ಣ ಹೊರಗೆ ಹೋಗಿದ್ದಾನೆ ಎಂದರು. ದೂರ ಹೋದವರು ದಾರಿಯಲ್ಲಿ ಹಸಿಯಬಾರದೆಂದು ಅವರ ಪಾಲನ್ನು ಮನೆಯಲ್ಲಿ ಬಡಿಸಿಡುವ ಹಳೆಯ ಪದ್ಧತಿಯಂತೆ. ನೆರಳಿನ ಊಟ ಎಂದು ಅದರ ಹೆಸರಿನ ಅರ್ಥ. ಬದುಕಿರುವವರಿಗೆ ಮಾತ್ರ ಇಡುವುದು. ಬಿಸಿ ಅನ್ನದ ಮುಚ್ಚಳದ ಒಳಗೆ ಹನಿ ಕಟ್ಟಿದ್ದರೆ ಹೋದವರು ಕ್ಷೇಮ, ಹನಿ ಇಲ್ಲದಿದ್ದರೆ ಏನೋ ಆಗಿದೆ. ಎಲ್ಲಿಗೆ ಹೋಗಿದ್ದಾರೆ ಎಂದು ಕೇಳಿದೆ. ಜಾವಾಕ್ಕೆ ಎಂದರು, ಬೆಂಗಳೂರಿಗೆ ಎನ್ನುವಷ್ಟೇ ಸಹಜವಾಗಿ.

ಆ ಕಥೆ ಒಂದೇ ದಿನಕ್ಕೆ ಹೊರಗೆ ಬರಲಿಲ್ಲ. ನನ್ನ ಜಪಾನಿ ಭಾಷೆ ಕೊಂಬಿನಿ ಅಂಗಡಿಯಲ್ಲಿ ಪಾರ್ಟ್ ಟೈಮ್ ಮಾಡಿ ಕಲಿತದ್ದು, ಅವರು ನಿಧಾನವಾಗಿ ಹೇಳಬೇಕಿತ್ತು. ಜಾವಾ ಆಗ ಡಚ್ಚರ ವಸಾಹತು. ಯುದ್ಧದಲ್ಲಿ ಜಪಾನಿನ ಸೈನ್ಯ ಅದನ್ನು ಕಿತ್ತುಕೊಂಡು ಅಲ್ಲಿಯ ಜನರನ್ನು ತಾನೂ ಗೋಳುಹೊಯ್ದುಕೊಂಡಿತು. ಜಪಾನ್ ಸೋತಿತು, ಡಚ್ಚರು ಮತ್ತೆ ಬಂದರು, ಜನ ನಿಮ್ಮಿಬ್ಬರ ಸಹವಾಸವೂ ಸಾಕು ಎಂದು ಸ್ವಾತಂತ್ರ್ಯಕ್ಕಾಗಿ ಬಂದೂಕು ಹಿಡಿದರು. ಊರಿಗೆ ಮರಳುವ ಹಡಗು ಹತ್ತಬೇಕಿದ್ದ ಕೆಲವು ಜಪಾನಿ ಸೈನಿಕರು ಹಡಗು ಬಿಟ್ಟು ಆ ಹುಡುಗರ ಜೊತೆ ಸೇರಿಕೊಂಡರು. ಅಜ್ಜಿಯ ಅಣ್ಣನೂ ಅವರಲ್ಲೊಬ್ಬ. ಯಾಕೆ ಹೋದ ಎಂದರೆ ಅಜ್ಜಿಗೆ ಗೊತ್ತಿಲ್ಲ. ಮಾಡಿದ ಪಾಪ ತೊಳೆಯುವುದಕ್ಕೋ, ಯಾವುದಾದರೂ ಹುಡುಗಿಗಾಗಿಯೋ, ಸೋತ ಮುಖ ತೋರಿಸಲಾರದೆಯೋ. ಊರಿನ ಕಚೇರಿಯವರಿಗೆ ಮಾತ್ರ ಅನುಮಾನವೇ ಇರಲಿಲ್ಲ: ಓಡಿಹೋದವನು. ಸತ್ತವರ ಪಟ್ಟಿಯಲ್ಲೂ ಇಲ್ಲ, ಬಂದವರ ಪಟ್ಟಿಯಲ್ಲೂ ಇಲ್ಲ. ಬೀದಿಯ ಜನ ಮುಖ ತಿರುಗಿಸಿದರು. ಓಡಿಹೋದವನ ತಂಗಿಯನ್ನು ಕೇಳಿಕೊಂಡು ಯಾರೂ ಬರಲಿಲ್ಲ, ಅಜ್ಜಿ ಹೊಲಿಗೆ ಕೆಲಸ ಮಾಡಿಕೊಂಡೇ ಮುದುಕಿಯಾದರು.

ಅವರ ಅಮ್ಮ ದಿನವೂ ಅಣ್ಣನ ಪಾಲು ಬಡಿಸುತ್ತಿದ್ದರು. ಮುಚ್ಚಳ ತೆಗೆದು ನೋಡುವ ಕೆಲಸ ಈ ತಂಗಿಯದು. ಅಮ್ಮ ನೋಡುತ್ತಿರಲಿಲ್ಲ, ಗೋಡೆಗೆ ಮುಖ ಮಾಡಿ ಹನಿ ಇದೆಯಾ ಎಂದು ಕೇಳುತ್ತಿದ್ದರು. ಒಂದು ಚಳಿಗಾಲ ಸೌದೆಯಿಲ್ಲ, ಹಿಂದಿನ ದಿನದ ತಣ್ಣನೆಯ ಗಂಜಿಯನ್ನೇ ಇಟ್ಟಿದ್ದರು. ಮುಚ್ಚಳ ಒಣಗಿತ್ತು. ಹುಡುಗಿ ಬೆರಳನ್ನು ನಾಲಗೆಗೆ ಒತ್ತಿ ಮುಚ್ಚಳಕ್ಕೆ ಸವರಿ, ಇದೆ ಅಮ್ಮ ಎಂದಳಂತೆ. ಇದನ್ನು ಹೇಳುವಾಗ ಅಜ್ಜಿ ನಕ್ಕರು.

ಆ ಯುದ್ಧವೂ ಮುಗಿದು, ಜಾವಾದ ಜನ ಗೆದ್ದ ಮೇಲೆ ಒಬ್ಬ ಗಂಡಸು ಅವರ ಮನೆ ಹುಡುಕಿಕೊಂಡು ಬಂದ. ಅವನೂ ಹಾಗೆ ಉಳಿದು, ತಡವಾಗಿ ಮರಳಿದವನು. ಅಣ್ಣನ ಜೊತೆ ಕಾಡು ಅಲೆದವನು. ಕೆಲವು ಸಂಜೆ ಬಂದು ಕೂತು ಒಂದೊಂದು ದಿನದ್ದನ್ನೂ ಹೇಳಿದ. ಅವನು ಏನೇ ಹೇಳಲಿ, ಅಮ್ಮನದು ಒಂದೇ ಪ್ರಶ್ನೆ.

"ಆ ದಿನ ಅವನು ಏನು ಉಂಡ?"

ರೈಲಿನ ಹಳಿ ಕಿತ್ತ ದಿನ ಮರಗೆಣಸು ಬೇಯಿಸಿ ಉಪ್ಪು ಹಚ್ಚಿ ತಿಂದೆವು. ಡಚ್ಚರ ಲಾರಿಗಳಿಗೆ ಹೊಂಚು ಹಾಕಿ ಕಬ್ಬಿನ ಗದ್ದೆಯಲ್ಲಿ ಮಲಗಿದ ದಿನ ಕಬ್ಬನ್ನೇ ಜಗಿದೆವು, ಇರುವೆಗಳು ಕಚ್ಚಿ ಕಚ್ಚಿ ಮೈ ಊದಿಕೊಂಡಿತು. ಹಳ್ಳಿಯ ಇಬ್ಬರು ಹುಡುಗರನ್ನು ಮಣ್ಣು ಮಾಡಿದ ದಿನ ಒಬ್ಬ ಮುದುಕಿ ಕರೆದು ತೆಂಗಿನಕಾಯಿ ಹಾಕಿದ ಅನ್ನ ಕೊಟ್ಟಳು. ವಿಮಾನ ಬಂದು ಗುಂಡು ಸುರಿದ ದಿನ? ಗಂಡಸು ಉಗುಳು ನುಂಗಿ, ಬಾಳೆಹಣ್ಣು ಎಂದ. ಮಳೆಯಲ್ಲಿ ಗುಡ್ಡದ ಮೇಲೆ ಸಿಕ್ಕಿಕೊಂಡ ದಿನ? ಮತ್ತೆ ಉಗುಳು ನುಂಗಿ, ಬಾಳೆಹಣ್ಣು ಎಂದ. ಕೊನೆಯದು ಹೊಳೆ ದಾಟಿದ ದಿನ. ಆ ದಡದಿಂದ ಗುಂಡು ಹಾರಿತು, ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಓಡಿದರು, ಆಮೇಲೆ ಅವನನ್ನು ನೋಡಲಿಲ್ಲ. ನೀರಿಗಿಳಿಯುವ ಮುಂಚೆ ಹೊಟ್ಟೆ ತುಂಬ ಗೆಣಸು ತಿಂದಿದ್ದ, ನನ್ನ ಪಾಲನ್ನೂ ಅವನಿಗೇ ಕೊಟ್ಟೆ ಎಂದ. ಅಮ್ಮ ಅವನ ಮುಂದೆ ಹಣೆ ನೆಲಕ್ಕೆ ತಾಗುವಂತೆ ಬಾಗಿ ಅರಿಗಾತೋ, ಉಪಕಾರವಾಯಿತು ಎಂದರು. ಗೆಣಸೆಂದರೆ ಅಣ್ಣನಿಗೆ ಪ್ರಾಣ.

ಅಮ್ಮ ಸಾಯುವಾಗ ನಿಲ್ಲಿಸಬೇಡ ಎಂದರು, ಅಜ್ಜಿ ನಿಲ್ಲಿಸಲಿಲ್ಲ. ಅಣ್ಣ ಬರುತ್ತಾನೆಂಬ ಆಸೆ ಅವರಿಗಿರಲಿಲ್ಲ. ಆದರೆ ಹಸಿದುಕೊಂಡು ಇಲ್ಲವಲ್ಲ, ಅಮ್ಮನೂ ನಾನೂ ಅಷ್ಟು ಮಾಡಿದೆವಲ್ಲ ಎನ್ನುತ್ತಿದ್ದರು. ಅವರ ಇಡೀ ಜೀವಮಾನಕ್ಕೆ ಇದ್ದ ಸಮಾಧಾನ ಅದೊಂದೇ.

ಇದೆಲ್ಲ ಹೀಗಿರುವಾಗ ಮೈಸೂರಿನಿಂದ ನನ್ನ ಅತ್ತೆ ಮೂರು ತಿಂಗಳಿಗೆಂದು ಬಂದರು. ಅತ್ತೆ ಒಳ್ಳೆಯವರೇ. ಆದರೆ ಒಂದು ಹಿಡಿದರೆಂದರೆ ಜಪ್ಪಯ್ಯ ಎಂದರೂ ಬಿಡುವ ಪೈಕಿ ಅಲ್ಲ. ಬಂದ ವಾರಕ್ಕೇ ಅಜ್ಜಿಯ ಜೊತೆ ದೋಸ್ತಿಯಾಯಿತು. ಇವರಿಗೆ ಜಪಾನಿ ಬಾರದು, ಅವರಿಗೆ ಕನ್ನಡ ಬಾರದು, ಇಬ್ಬರೂ ಕೂತು ಅವರೆಕಾಯಿಯಂಥದ್ದೇನನ್ನೋ ಸುಲಿಯುತ್ತಾ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನನಗೆ ನಗು, ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚು ಕೂಡ.

ಫೋಟೋ ಯಾರದೆಂದು ಅತ್ತೆ ಕೇಳಿದರು, ನಾನು ಕಥೆಯನ್ನೆಲ್ಲ ಹೇಳಿದೆ. ಗೆಣಸಿನದನ್ನೂ ಹೇಳಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಆಮೇಲೆ ಬೈಯುವುದಕ್ಕೆ ಶುರು ಮಾಡಿದರು.

"ಅಲ್ಲ ಕಣೇ, ಇದ್ದಿದ್ರೆ ತೊಂಬತ್ತು ದಾಟಿರೋನು. ಆವತ್ತೇ ಹೊಳೇಲಿ ಹೋಗಿರ್ತಾನೆ. ಸತ್ತೋರಿಗೆ ಬದುಕಿರೋರ ಊಟ ಇಟ್ರೆ ಹೇಗೆ ಸೇರುತ್ತೆ? ಇಷ್ಟು ವರ್ಷದಿಂದ ಆ ಮಗೂಗೆ ಒಂದು ಎಡೆ ಇಲ್ವಲ್ಲೇ."

ಇದನ್ನು ಅಜ್ಜಿಗೆ ಹೇಳು ಎಂದು ದುಂಬಾಲು ಬಿದ್ದರು. ನನಗೇನು ಹುಚ್ಚೇ? ಸುತಾರಾಂ ಹೇಳುವುದಿಲ್ಲ ಎಂದೆ. ಆ ದಿನ ಇಬ್ಬರೂ ಮುಖ ಊದಿಸಿಕೊಂಡು ಊಟ ಮಾಡಿದೆವು.

ಪಿತೃಪಕ್ಷದ ಅಮಾವಾಸ್ಯೆ ಬಂತು. ಎಲ್ಲಿದ್ದರೂ ಹಿರಿಯರಿಗೆ ಎಡೆ ಇಡಲೇಬೇಕೆಂದು ಅತ್ತೆಯ ಹಠ. ಗಂಡ ರೈಲು ಬದಲಿಸಿಕೊಂಡು ಫುನಾಬೊರಿಯ ಕಡೆ ಹೋಗಿ, ಅಲ್ಲಿಯ ಇಂಡಿಯನ್ ಅಂಗಡಿಯಿಂದ ಫ್ರೋಜನ್ ಬಾಳೆಲೆ ತಂದರು. ಬೆಳಗ್ಗೆಯಿಂದ ಅಡುಗೆಮನೆಯಲ್ಲಿ ಅತ್ತೆಯದೇ ರಾಜ್ಯ. ಮಾವನಿಗೆ ಇಷ್ಟದ ವಡೆ, ಅತ್ತೆಯ ಅತ್ತೆಗೆ ಕಜ್ಜಾಯ, ಅತ್ತೆಯ ಮಾವನಿಗೆ ಹುರುಳಿಕಾಳಿನ ಸಾರು. ಕುಕ್ಕರಿನಲ್ಲಿ ಬೇರೇನೋ ಬೇಯುತ್ತಿತ್ತು. ನಾನು ಕೇಳಲಿಲ್ಲ. ಎಡೆಯಿಟ್ಟು ಧೂಪ ಹಾಕಿದ ಮೇಲೆ ಎಲ್ಲವನ್ನೂ ಕಾಗೆಗೆ ಇಡಬೇಕೆಂದು ಬಾಲ್ಕನಿಯ ಬಾಗಿಲು ತೆಗೆದರು. ಆ ಊರಿನ ಕಾಗೆಗಳು ನಮ್ಮೂರಿನವಂತಲ್ಲ, ಕೋಳಿಯ ಗಾತ್ರದವು. ಕಸದ ಚೀಲದ ಮೇಲೆ ಬಲೆ ಹೊದಿಸಿ ಅವನ್ನು ದೂರ ಇಡುವ ಜನ ಅಲ್ಲಿಯವರು. ಕರೆದು ಅನ್ನ ಹಾಕಿದರೆ ಸುಮ್ಮನಿರುತ್ತಾರೆಯೇ? ಇಲ್ಲಿ ಹಾಗೆಲ್ಲ ಮಾಡಬಾರದು ಎಂದು ಅಂಗಲಾಚಿದೆ. ನಿನ್ನ ಮಾವನ ಊಟ ತಡೀಬೇಡ, ಪಕ್ಕಕ್ಕೆ ಬಾ ಎಂದರು.

ಅಲ್ಲಿ ನಾಲ್ಕು ಎಲೆಗಳಿದ್ದವು. ನಾಲ್ಕನೆಯದರ ಮೇಲೆ ಅನ್ನ, ತುಪ್ಪ, ಬೇಯಿಸಿದ ಗೆಣಸು.

ನಾನು ಬಾಯಿ ತೆರೆಯುವುದರೊಳಗೆ ಕಾಗೆ ಬಂತು. ಮಾವನ ಎಲೆಯತ್ತ ತಿರುಗಿಯೂ ನೋಡದೆ ಆ ನಾಲ್ಕನೆಯದಕ್ಕೆ ಎರಗಿತು. ಇನ್ನೊಂದು ಬಂತು, ಅದನ್ನು ಕುಕ್ಕಿ ಓಡಿಸಿ ತಾನೊಂದೇ ತಿಂದಿತು. ಅತ್ತೆಯ ಮುಖ ಅರಳಿತು. ಗದ್ದಲಕ್ಕೆ ಅಜ್ಜಿ ತಮ್ಮ ಬಾಲ್ಕನಿಗೆ ಬಂದು ನಡುವಿನ ಹಲಗೆಯ ಆಚೆಯಿಂದ ಇಣುಕಿದರು. ಇದೇನು ಎಂದು ಕೇಳಿದರು. ನಮ್ಮ ಮನೆಯ ತೀರಿಕೊಂಡವರಿಗೆ ಎಂದು ಒಂದೊಂದಾಗಿ ಹೇಳಿದೆ. ಮೂರಕ್ಕೆ ನಿಲ್ಲಿಸಿದೆ.

"ಆ ಗೆಣಸಿನ ಎಲೆ ಯಾರದು?" ಎಂದು ಅಜ್ಜಿ ಬೆರಳು ತೋರಿಸಿದರು.

ಅತ್ತೆ ಅಜ್ಜಿಯ ಮನೆಯ ಕಡೆ ಕೈ ತೋರಿಸಿ, ತಲೆಯ ಮೇಲೆ ಟೋಪಿಯಂತೆ ಅಂಗೈ ಇಟ್ಟು, ಎರಡೂ ಕೈ ಜೋಡಿಸಿದರು. ಅಜ್ಜಿ ಸ್ವಲ್ಪ ಹೊತ್ತು ಕಾಗೆಯನ್ನು ನೋಡಿದರು. ಸುಮಿಮಾಸೆನ್, ಕ್ಷಮಿಸಿ ಎಂದು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು.

ಅತ್ತೆಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೂಗಾಡಿದೆ. ಒಬ್ಬರ ಅಣ್ಣನನ್ನು ಸಾಯಿಸುವುದಕ್ಕೆ ನೀವು ಯಾರು ಎಂದು ಅನ್ನಬಾರದ ಮಾತನ್ನೂ ಅಂದೆ. ಒಂದೆರಡು ದಿನ ಅಜ್ಜಿಯ ಮನೆಯಿಂದ ಪಾತ್ರೆಯ ಸದ್ದೂ ಕೇಳಲಿಲ್ಲ. ಬೆಲ್ ಮಾಡಿದರೆ, ಚೆನ್ನಾಗಿದ್ದೇನೆ, ಚಿಂತೆ ಬೇಡ ಎಂದು ಒಳಗಿನಿಂದಲೇ ಉತ್ತರ ಬಂತು.

ಆಮೇಲೆ ಒಂದು ಮಧ್ಯಾಹ್ನ ಅವರೇ ಬಂದರು. ತಲೆ ಬಾಚಿ, ಒಳ್ಳೆಯ ಕೋಟು ಹಾಕಿಕೊಂಡಿದ್ದರು. ಚಪ್ಪಲಿ ಬಿಚ್ಚಿ ಅತ್ತೆಯ ಎದುರು ಮಂಡಿಯೂರಿ ಕೂತು, ನಾನು ಕೇಳುವುದನ್ನು ಸರಿಯಾಗಿ ಹೇಳು ಎಂದು ನನಗೆ ಹೇಳಿದರು. ಆ ಹಕ್ಕಿ ಸುಮ್ಮನೆ ಕುಕ್ಕಿ ಹೋಯಿತೋ, ತಿಂದಿತೋ? ಅದು ತಿಂದರೆ ಏನು ಅರ್ಥ?

ಅತ್ತೆಗೆ ಅಷ್ಟೇ ಸಾಕಾಗಿತ್ತು. ಕಾಗೆಯ ರೂಪದಲ್ಲಿ ಸತ್ತವರೇ ಬರುತ್ತಾರೆ ಎಂದರು. ನಮ್ಮ ಯಜಮಾನರ ಎಲೆಗೂ ಮುಂಚೆ ನಿಮ್ಮ ಅಣ್ಣನ ಎಲೆಯನ್ನೇ ಮುಟ್ಟಿತು, ಒಂದು ಅಗುಳು ಬಿಡಲಿಲ್ಲ, ಇನ್ನೊಂದನ್ನು ಹತ್ತಿರಕ್ಕೂ ಸೇರಿಸಲಿಲ್ಲ, ಎಲೆಯನ್ನೇ ಕೆರೆದು ಕೆರೆದು ತಿಂದಿತು ಎಂದರು. ಈ ಮುದುಕಿಯ ಎದೆಯ ಭಾರ ಇಳಿಯಲಿ ಎಂದು ನಾನೂ ಉತ್ಸಾಹದಿಂದ ಒಂದು ಮಾತೂ ಬಿಡದೆ ಜಪಾನಿಯಲ್ಲಿ ಹೇಳಿದೆ.

ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡರು.

"ಹಾಗಿದ್ದರೆ ಅವನು ಹಸಿದುಕೊಂಡೇ ಇದ್ದ," ಎಂದರು.

ಅತ್ತೆ ಏನಂದ್ರು ಏನಂದ್ರು ಎಂದು ನನ್ನ ತೋಳು ಹಿಡಿದು ಅಲುಗಿಸಿದರು. ಅಷ್ಟರಲ್ಲಿ ಅಜ್ಜಿ ಮುಂದುವರಿಸಿದರು: ಆ ಮನುಷ್ಯ ಬಾಳೆಹಣ್ಣು ಎಂದಾಗಲೇ ಸುಳ್ಳೆಂದು ನನಗೆ ಅನಿಸಿತ್ತು. ಗೆಣಸು ಎಂದಾಗಲೂ ಅನಿಸಿತ್ತು. ಅಮ್ಮನಿಗೆ ಬೇಕಾಗಿತ್ತು, ಅದಕ್ಕೆ ಕೊಟ್ಟ. ಇಷ್ಟು ವರ್ಷ ನಾವು ಇಟ್ಟಿದ್ದೂ ಅವನಿಗೆ ಮುಟ್ಟಲಿಲ್ಲ. ಇದನ್ನು ಅಳದೆ, ನೆಟ್ಟಗೆ ಕೂತು ಹೇಳಿದರು. ಹೇಳಿ ಮುಗಿಸಿದ ಮೇಲೆ ಚಾಪೆಗೆ ಹಣೆ ಹಚ್ಚಿ, ಚಿಕ್ಕ ಮಕ್ಕಳು ಅಳುವಂತೆ ಬಾಯಿಬಿಟ್ಟು ಅತ್ತರು.

ನಾನು ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಎದ್ದು ಬಂದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತು ಬೆನ್ನು ಸವರತೊಡಗಿದರು. ಅಜ್ಜಿ ತಲೆ ಎತ್ತದೆಯೇ ಏನೋ ಕೇಳಿದರು, ನಾನು ಬಗ್ಗಿ ಕಿವಿಗೊಟ್ಟೆ. ನಾಳೆಯೂ ನಿನ್ನ ಅತ್ತೆ ಅವನಿಗೆ ಇಡುತ್ತಾರಾ, ನಾಡಿದ್ದೂ ಇಡುತ್ತಾರಾ, ಕೇಳು ಎಂದರು.

ಅಮಾವಾಸ್ಯೆ ಕಳೆದ ಮೇಲೆ ಎಡೆ ಇಡುವಂತಿಲ್ಲ. ವರ್ಷಕ್ಕೆ ಒಂದೇ ದಿನ. ಸ್ವಂತ ಗಂಡನಿಗೂ ಅತ್ತೆ ಇನ್ನೊಂದು ದಿನ ಇಟ್ಟವರಲ್ಲ.

"ಇಡ್ತಾರೆ ಅನ್ನು," ಎಂದರು ಅತ್ತೆ. "ಹೊಟ್ಟೆ ತುಂಬೋವರೆಗೂ ಇಡ್ತಾರೆ ಅನ್ನು."